ಸದರಿ ಜಾಗೆಯ ಮೇಲಿನ ಹತ್ತಿ

ದಿಂಬಿನ ಒಂದು ಮಗ್ಗುಲಿನ ಹೊಲಿಗೆ ಬಿಚ್ಚಿಕೊಂಡು ಬಾಳವ್ವ ಒಳಗಿನ ಹತ್ತಿಯನ್ನು ಹಿಡಿಹಿಡಿಯಾಗಿ ಹೊರಗೆಳೆದು ಮೊರಕ್ಕೆ ಹಾಕುತ್ತ, ಗಂಟು ಕಟ್ಟಿದ್ದನ್ನು ಎರಡು ಬೆರಳಲ್ಲಿ ಹಿಂಜುತ್ತ ಕೂತಿದ್ದಳು. ಅರ್ಧ ದಿಂಬು ಮುಗಿದಿತ್ತು. ಹನ್ನೆರಡು ವರ್ಷ ತಲೆಯ ಭಾರ ಹೊತ್ತ ಹತ್ತಿ. ಎಣ್ಣೆ, ಬೆವರು, ಸೀಗೆಪುಡಿಯ ವಾಸನೆ ಕುಡಿದು ರೊಟ್ಟಿಯ ಹಾಗೆ ಚಪ್ಪಟೆಯಾಗಿ ಕೂತುಬಿಟ್ಟಿತ್ತು. ಕೈ ಒಳಗೆ ಹಾಕಿದಾಗೊಮ್ಮೆ ಅವಳು ಮೇಲಿನ ಪದರಿನಲ್ಲಷ್ಟೇ ಬೆರಳಾಡಿಸಿ ಸಿಕ್ಕಿದ್ದನ್ನು ಹೊರಗೆ ತರುತ್ತಿದ್ದಳು. ಆಳಕ್ಕೆ ಹೋಗುತ್ತಿರಲಿಲ್ಲ. ಆಳದಲ್ಲಿ, ಎಡಗಡೆಯ ಮೂಲೆಗೆ, ಏನಿದೆ ಎಂಬುದು ಅವಳೊಬ್ಬಳಿಗೇ ಗೊತ್ತು. ಹತ್ತು ತಿಂಗಳಿಂದ ಆ ಮೂಲೆಯನ್ನು ಗೋಡೆಯ ಕಡೆಗೆ ಮಾಡಿ ಮಲಗುತ್ತ ಬಂದವಳು ಅವಳು.

"ಅತ್ತಿ, ಹೋದ ವಾರ ಪಿಂಜಾರ ಓಣಿಯಾಗ ಬಂದಾಗ ಕೊಟ್ಟಿದ್ದರ ಒಂದ ತಾಸಿನ ಕೆಲಸ ಆಗತಿತ್ತಲ್ಲರಿ," ಒಲೆಯ ಮುಂದಿನಿಂದ ಸೊಸೆ ಸುನಂದಾ ಅಂದಳು. ರೊಟ್ಟಿ ಬಡಿಯುವ ಸಪ್ಪಳ ನಿಲ್ಲಲಿಲ್ಲ. "ಮಂದೀದೆಲ್ಲಾ ಗಾದಿ-ದಿಂಬ ಹಿಂಜಿ ಕೊಟ್ಟ ಹೋದ. ನೀವ ನೋಡಿದರ ದಿಂಬ ಎದಿಗೆ ಅವಚಿಕೊಂಡ ಒಳಗ ಹೋದ್ರಿ, ಬಂಗಾರ ತುಂಬೈತೇನೋ ಅನ್ನೂವಂಗ."

"ಹಳೇ ಹತ್ತಿ ಪಿಂಜಾರನ ಬಿಲ್ಲಿನ ಹೊಡತಕ್ಕ ತಡಿಯೂದಿಲ್ಲ. ಧೂಳ ಆಗಿ ಹೋಗತೈತಿ."

"ತಡಿಯೂದಿಲ್ಲ ಅಂತ ಪಿಂಜಾರ ಹೇಳಲಿಲ್ಲ, ನೀವ ಹೇಳತೀರಿ." ಸುನಂದಾ ನಕ್ಕಳು. ಏಳು ತಿಂಗಳ ಹೊಟ್ಟೆ ಒಲೆಗೆ ತಾಗದಂತೆ ಓರೆಯಾಗಿ ಕೂತು ಅವಳು ರೊಟ್ಟಿ ತಟ್ಟುವುದನ್ನು ನೋಡಿದಾಗಲೆಲ್ಲ ಬಾಳವ್ವನ ಕಣ್ಣು ತಾನಾಗಿ ಬೇರೆ ಕಡೆಗೆ ಹೋಗುತ್ತಿತ್ತು. ಮಗ ಅಪ್ಪಣ್ಣ ಮಿರಜಿನ ಪೇಟೆಯಲ್ಲಿ ಬೆಲ್ಲದ ಅಡತಿ ಅಂಗಡಿಯಲ್ಲಿ ಇರುವವನು. ಹೋದ ಸೋಮವಾರ ಬಂದು ಹೇಳಿ ಹೋಗಿದ್ದ: ಎಂಟು ತುಂಬುತ್ತಲೇ ಇವಳನ್ನು ಮಿರಜಿಗೆ ಕರೆದೊಯ್ದು ದೊಡ್ಡ ದವಾಖಾನೆಯ ಹತ್ತಿರವೇ ಒಂದು ಕೋಣೆ ಹಿಡಿಯುತ್ತೇನೆ. ಬಾಳವ್ವ ಹೂಂ ಅಂದಿದ್ದಳು. ಹೂಂ ಅನ್ನುವಾಗ ಎದೆಗೆ ತಂಪಾಗಿತ್ತು. ಆ ತಂಪಿನ ಬಗ್ಗೆಯೇ ಅವಳಿಗೆ ಆಮೇಲೆ ನಾಚಿಕೆಯಾದದ್ದು. ತನ್ನ ಮನೆಯದೊಂದು ಜೀವಕ್ಕೆ ಮಿರಜಿನಲ್ಲಿ ಕೋಣೆ ಇದೆ. ಓಣಿಯ ಉಳಿದ ಹೆಂಗಸರಿಗೆ ಏನಿದೆ? ಎತ್ತಿನ ಗಾಡಿ ಇದೆ.

ಹತ್ತಿ ಕೇಳಿದವಳು ಹಿಂದಿನ ಓಣಿಯ ಸಖುಬಾಯಿ. ಕೂಸಿನ ತಲೆ ಒಂದು ಕಡೆ ಚಪ್ಪಟೆಯಾಗುತ್ತಿದೆ, ಸೀರೆ ಮಡಿಸಿ ಇಟ್ಟರೆ ಸರಿದುಹೋಗುತ್ತದೆ, ಒಂದು ಪುಟ್ಟ ದಿಂಬು ಮಾಡಬೇಕು ಎಂದು ಮೊನ್ನೆ ಬಂದಿದ್ದಳು. ಹೊಸ ಹತ್ತಿ ಅವಳ ಮನೆಯ ಅಟ್ಟದ ತುಂಬ ಇತ್ತು. "ಹೊಸಾದ ಬ್ಯಾಡ ಬಾಳವ್ವಾ. ನಿನ್ನ ದಿಂಬ ಐತೆಲ್ಲ, ಅವತ್ತ ಗಾಡ್ಯಾಗ ಒಯ್ದಿದ್ದೆಲ್ಲ, ಅದರಾಗಿಂದ ಒಂದೀಟ ಕೊಡು. ಹೀರಿ ತಲಿ ಇಟ್ಟ ಹತ್ತಿ. ಕೂಸಿಗೆ ತಾಯಿ ವಾಸನಿ ಹತ್ತಲಿ." ಇಷ್ಟು ಹೇಳಿ ಸಖುಬಾಯಿ ಅಳಲಿಲ್ಲ, ಮೂಗು ಒರೆಸಿಕೊಂಡು, ಆಡಿನ ಹಾಲು ಕರೆಯುವ ಹೊತ್ತಾಯಿತು ಎಂದು ಎದ್ದು ಹೋದಳು. ಬಾಳವ್ವ ಎರಡು ದಿನ ಸುಮ್ಮನಿದ್ದಳು. ಮೂರನೆಯ ದಿನ ಕತ್ತರಿ ತೆಗೆದುಕೊಂಡಳು.

ಹೀರಾಬಾಯಿ ಸಖುಬಾಯಿಯ ಸೊಸೆ. ಸಾಂಗಲಿಯ ಜೈನರ ಮನೆಯಿಂದ ಬಂದವಳು. ನಾಲ್ಕು ಇಯತ್ತೆ ಮರಾಠಿ ಕಲಿತಿದ್ದಳು, ಅಷ್ಟು ಓದಿದ ಹೆಣ್ಣು ಈ ಊರು ಕಂಡಿರಲಿಲ್ಲ. ಬಾಳವ್ವನಿಗೆ ಅಕ್ಷರ ಕಲಿಸಿದವಳು ಅವಳೇ. ಮಧ್ಯಾಹ್ನ ಊಟದ ಕೆಲಸ ಮುಗಿದ ಮೇಲೆ, ಪರಾತದಲ್ಲಿ ಜೋಳದ ಹಿಟ್ಟು ಹರವಿ, ಅದರಲ್ಲಿ ಬೆರಳಿನಿಂದ. ತಪ್ಪಾದರೆ ಪರಾತವನ್ನು ಒಮ್ಮೆ ಅಲ್ಲಾಡಿಸಿದರೆ ಆಯಿತು, ಹಿಟ್ಟು ಸಮನಾಗುತ್ತಿತ್ತು. ಬರೆದದ್ದೆಲ್ಲ ಆಮೇಲೆ ರೊಟ್ಟಿಯಾಗುತ್ತಿತ್ತು. ಐವತ್ತರ ಹೆಂಗಸು, ಗಂಡ ಗುರುಸಿದ್ಧಪ್ಪ ಹೋಗಿ ಎಂಟು ವರ್ಷ, ಇಪ್ಪತ್ತೆರಡರ ಹುಡುಗಿಯ ಮುಂದೆ ಕಾಲು ಮಡಿಸಿ ಕೂತು ಕ ಕಾ ತಿದ್ದುವುದನ್ನು ಓಣಿ ನಕ್ಕು ನೋಡಿತು. "ಬಾಳವ್ವ ಇನ್ನ ಮಾಮಲೇದಾರ ಆಗ್ತಾಳ ನೋಡ್ರೆವಾ," ಅಂದವರಿದ್ದರು. ಹೀರಾಬಾಯಿ ಮಾತ್ರ ನಗುತ್ತಿರಲಿಲ್ಲ. ನಕ್ಕರೂ ಅದು ಬೇರೆ ನಗೆ. "ಮಾವಶಿ, ಮರಾಠಿ ಬರಿವಾಗ ಮನಿ ಮಾತ ಹೊಸ್ತಿಲದ ಹೊರಗ ಬಿಟ್ಟ ಬರಬೇಕ್ರಿ, ಚಪ್ಪಲಿ ಬಿಟ್ಟಂಗ. ಇಲ್ಲಂದ್ರ ಕಾಲಾಗ ಹಂಗ ಬಂದ ಬಿಡತಾವ." ಅವಳು ಹಾಗೆ ಅಂದದ್ದು ಯಾವ ಮಧ್ಯಾಹ್ನವೋ. ಹಿಟ್ಟಿನ ಬಿಳಿ ಅವಳ ಬಳೆಗೆ ಹತ್ತಿತ್ತು.

ಬೆರಳಿಗೆ ಒಂದು ಹತ್ತಿಕಾಳು ಸಿಕ್ಕಿತು. ಬಾಳವ್ವ ಅದನ್ನು ಉಗುರಿನಿಂದ ಬಿಡಿಸಿ ಪಕ್ಕಕ್ಕೆ ಇಟ್ಟಳು.

ಹೋದ ವರ್ಷ ಇದೇ ಹೊತ್ತಿಗೆ ಚಾವಡಿಯ ಮುಂದೆ ಡಂಗುರವಾಗಿತ್ತು. ಯಾವ ಊರು ಖಾಲಿ ಜಾಗ ಬರೆದು ಕೊಡುತ್ತದೋ ಆ ಊರಿಗೆ ಸಂಸ್ಥಾನ ದವಾಖಾನೆ ಕಟ್ಟಿಸುತ್ತದೆ. ಒಬ್ಬ ಡಾಕ್ಟರ ವಾರಕ್ಕೆರಡು ದಿನ, ಒಬ್ಬ ನರ್ಸಬಾಯಿ ದಿನಾಲೂ. ಪಂಚರೆಲ್ಲ ಕೂಡಿ ಊರಿನ ನಾಲ್ಕೂ ದಿಕ್ಕು ತಿರುಗಿ ಕೊನೆಗೆ ಬಾಳವ್ವನ ಅಂಗಳಕ್ಕೆ ಬಂದರು. ಸಲಗರೆಯ ದಾರಿಗೆ ಹತ್ತಿದ ತುಂಡು ಹೊಲ ಅವಳದು, ಮದುವೆಯಲ್ಲಿ ಅಪ್ಪ ಉಡಿಯಲ್ಲಿ ಹಾಕಿದ್ದು. ಉಡಿಯಲ್ಲಿ ಬಂದದ್ದನ್ನು ಹೊರಗೆ ಕೊಡುವ ರೂಢಿ ಇಲ್ಲ ಎಂದು ಒಬ್ಬಿಬ್ಬರು ಗೊಣಗಿದರು. ಬಾಳವ್ವ ಒಂದು ರಾತ್ರಿಯೂ ಯೋಚಿಸದೆ ಹೂಂ ಅಂದಳು. ಒಂದೇ ಕರಾರು: ಹೆಬ್ಬೆಟ್ಟು ಒತ್ತುವುದಿಲ್ಲ, ಕಚೇರಿಗೆ ಬೇಕಾದ ಮರಾಠಿಯಲ್ಲೇ ಅರ್ಜಿ ತಾನೇ ಬರೆಯುತ್ತೇನೆ. ಪಂಚರ ಹಿರಿಯ ಕಾಡಪ್ಪ ರುಮಾಲು ಸರಿಮಾಡಿಕೊಂಡು, "ಬರಿಯವ್ವಾ, ಬರಿ. ಸಂಸ್ಥಾನಕ್ಕ ಗೊತ್ತಾಗಲಿ ನಮ್ಮೂರಾಗ ಎಂಥೆಂಥಾವ್ರ ಅದಾರ ಅಂತ," ಅಂದಿದ್ದ. ಆ ಮಾತನ್ನು ಅವಳು ಎಷ್ಟು ದಿನ ಸಕ್ಕರೆಯ ಹಾಗೆ ಬಾಯಲ್ಲಿಟ್ಟುಕೊಂಡಿದ್ದಳೋ.

ಬರೆದು ಮುಗಿಸಿದಾಗ ಹೀರಾಬಾಯಿ, "ತೋರಸ್ರಿ ಮಾವಶಿ, ಕಾನಾ-ಮಾತ್ರಾ ತಪ್ಪೇನರ ಐತೇನ ನೋಡತೇನಿ," ಎಂದು ಕೈಚಾಚಿದ್ದಳು. ಬಾಳವ್ವ ತೋರಿಸಲಿಲ್ಲ. ಗುರುವಿಗೆ ಒಂದು ಬೆರಗು ಕಾಣಿಸಬೇಕೆಂಬ ಆಸೆ. ಗುರು ತಿದ್ದದ ಒಂದು ಕಾಗದ ತನ್ನದಾಗಿ ಲೋಕಕ್ಕೆ ಹೋಗಲಿ ಎಂಬ ಆಸೆ. ಇದು ದೊಡ್ಡ ಪಾಪವೇ? ಎಷ್ಟೋ ಸಲ ಕೇಳಿಕೊಂಡಿದ್ದಳು. ಹೊಲದಲ್ಲಿ ಬೆಳೆ ನಿಂತಿತ್ತು, ಸುಳ್ಳು ಬರೆಯಬಾರದು. ಅದಕ್ಕೆ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಳು: ಸದರಿ ಜಾಗೆಯ ಮೇಲೆ ಸದ್ಯ ಹತ್ತಿ ಇದೆ, ಸಂಕ್ರಾಂತಿಯ ನಂತರ ತೆಗೆಯುತ್ತೇವೆ. "ಸಧ್ಯಾ ಜಾಗೇವರ ಹತ್ತಿ ಆಹೇ."

ಉತ್ತರ ಮಾಘದಲ್ಲಿ ಬಂದಿತು. ಗುರುವಾರ, ಟಪ್ಪಾಲಿನವನು ಓಣಿಯ ತುದಿಯಿಂದಲೇ ಅವಳ ಹೆಸರು ಕೂಗುತ್ತ ಬಂದ. ಓಣಿಯೆಲ್ಲ ಹತ್ತಿ ಬಿಡಿಸಲು ಹೊಲಕ್ಕೆ ಹೋಗಿತ್ತು, ಮನೆಯಲ್ಲಿ ಅವಳೊಬ್ಬಳೇ. ಲಕೋಟೆಯ ಮೇಲೆ ಅವಳ ಹೆಸರು, ಗಂಡನ ಹೆಸರು, ಊರು. ಹುಟ್ಟಿ ಐವತ್ತು ವರ್ಷದಲ್ಲಿ ಅವಳ ಹೆಸರಿಗೆ ಬಂದ ಮೊದಲ ಕಾಗದ. ಕೈ ತೊಳೆದು, ಸೆರಗಿಗೆ ಒರೆಸಿ, ದೇವರ ಜಗುಲಿಯ ಮುಂದೆ ಕೂತು ಬಿಚ್ಚಿದಳು. ಒಂದೊಂದೇ ಅಕ್ಷರ ಕೂಡಿಸಿದಳು. ಸದರಿ ಹತ್ತಿ ಯಾರದು? ನನ್ನದೇ, ಅಂದುಕೊಂಡಳು. ಸರಕಾರಿಯೋ ಖಾಸಗಿಯೋ? ಖಾಸಗಿ. ಅದರ ಮೇವಿನ ವ್ಯವಸ್ಥೆ ಯಾರದು? ಇಲ್ಲಿ ಅವಳು ನಿಂತಳು. ಹತ್ತಿಗೆ ಮೇವು? ಗೊಬ್ಬರ ಎಂದು ಬರೆಯುವ ಬದಲು ಹೀಗೆ ಬರೆದಿದ್ದಾರೆಯೇ? ಮುಂದಿನ ಶಬ್ದ ಮಾಹುತ. ಮಾಹುತ, ಮಾಹುತ ಎಂದು ಎರಡು ಸಲ ಬಾಯಿಬಿಟ್ಟು ಓದಿದಳು. ಕಿವಿ ಬಿಸಿಯಾದವು. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಸಾಂಗಲಿಯ ಗಣಪತಿ ಗುಡಿಯ ಮುಂದೆ ಕಂಡ ಕರಿಯ ಬೆಟ್ಟ, ಸುತ್ತ ಮರಾಠಿ ಹುಡುಗರ ಕೂಗು. ಹತ್ತಿ ಆಲಾ, ಹತ್ತಿ ಆಲಾ. ಆನೆ ಬಂತು, ಆನೆ ಬಂತು.

ಗೊತ್ತಿರಲಿಲ್ಲವೆಂದಲ್ಲ. ಅದೇ ಅವಳನ್ನು ತಿನ್ನುವುದು. ಮರಾಠಿಯಲ್ಲಿ ಹತ್ತಿ ಎಂದರೆ ಆನೆ ಎಂಬುದು ಈ ಸೀಮೆಯ ತೊಟ್ಟಿಲ ಕೂಸಿಗೂ ಗೊತ್ತು. ಮಿರಜಿನ ಪೇಟೆಯಲ್ಲಿ ಅವಳೇ ಎಷ್ಟು ಸಲ ಹೊಲದ ಹತ್ತಿಗೆ ಕಾಪೂಸ, ಕಾಪೂಸ ಎಂದು ಬಾಯಿತುಂಬ ಅಂದಿದ್ದಾಳೆ. ಆದರೆ ಬರೆಯಲು ಕೂತ ಕೈ ಮನೆಯ ಮಾತನ್ನು ಬರೆದಿತ್ತು, ಚಪ್ಪಲಿ ಬಿಡದೆ ಒಳಗೆ ಹೋಗಿತ್ತು. ಕಚೇರಿಯವರು ನಿಜವಾಗಿ ಕೇಳಿದರೋ, ಚೇಷ್ಟೆಗೆ ಕೇಳಿದರೋ? ಇದು ಇವತ್ತಿಗೂ ಅವಳಿಗೆ ಬಗೆಹರಿದಿಲ್ಲ. ನಿಜವಾಗಿ ಕೇಳಿದ್ದರೆ, ಸಲಗರೆಯ ಆಚೆ ಒಬ್ಬ ವಿಧವೆ ತುಂಡು ಹೊಲದಲ್ಲಿ ಆನೆ ಕಟ್ಟಿಕೊಂಡಿದ್ದಾಳೆಂದು ನಂಬಿ ಯಾರೋ ಗಂಭೀರವಾಗಿ ಕೂತು ಬರೆದಿದ್ದಾರೆ. ಚೇಷ್ಟೆಯಾಗಿದ್ದರೆ, ಕಚೇರಿಯ ಉದ್ದಕ್ಕೂ ಅವಳ ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಗುತ್ತ ಹೋಗಿದೆ. ಯಾವುದಾದರೂ ಒಂದೇ. ಉತ್ತರ ಒಂದು ಸಾಲಿನದು. ಆ ಸಾಲು ಬರೆಯಲು ಅವಳು ಬೆಳಿಗ್ಗೆ ಎಂದಳು, ಆಮೇಲೆ ಅಮಾವಾಸ್ಯೆ ಕಳೆಯಲಿ ಎಂದಳು, ಆಮೇಲೆ ದಿಂಬಿನ ಹೊಲಿಗೆ ಬಿಚ್ಚಿ ಹತ್ತಿಯ ಒಳಗೆ ಆನೆಯನ್ನು ಹುದುಗಿಸಿ ಮತ್ತೆ ಹೊಲಿದಳು.

ಊರು ಅಷ್ಟರಲ್ಲಿ ಹತ್ತಿ ಬಿಡಿಸಿ, ಗಿಡ ಕಿತ್ತು, ಜಾಗ ಹಸನು ಮಾಡಿತ್ತು. ನಾಲ್ಕು ಗಾಡಿ ಕಲ್ಲು ತಂದು ಒಟ್ಟಿದ್ದರು. ಒಬ್ಬ ಗೌಂಡಿ ಸುಣ್ಣದ ಗೆರೆ ಎಳೆದು ಇದು ಔಷಧದ ಕೋಣೆ, ಇದು ಬಾಣಂತಿಯರ ಕೋಣೆ ಎಂದು ತೋರಿಸಿದ್ದ. ಎಲ್ಲರೂ ನೋಡಲು ಹೋದರು. ಹೀರಾಬಾಯಿಯೂ ಬಂದಿದ್ದಳು, ಆಗ ಅವಳಿಗೆ ನಾಲ್ಕು ತಿಂಗಳು. ಗೆರೆಯ ಮೇಲೆ ಕಾಲಿಡದೆ, ಬಾಗಿಲು ಎಂದು ಬಿಟ್ಟ ಜಾಗದಿಂದಲೇ ಒಳಗೆ ಬಂದು, ಬಾಣಂತಿಯರ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು. "ಮಾವಶಿ, ಕಿಡಕಿ ಈ ಕಡೆ ಇಡಸ್ರಿ. ಇಲ್ಲಿಂದ ನಿಮ್ಮ ಮನಿ ಕಾಣತೈತಿ. ನಾ ಇಲ್ಲಿ ಮಲಗಿರತೇನಿ, ನೀವ ಅಲ್ಲಿಂದ ಸಾರು-ಅನ್ನ ಆತೇನ ಅಂತ ಕೂಗ್ರಿ." ಎಲ್ಲರೂ ನಕ್ಕರು. ಬಾಳವ್ವನೂ ನಕ್ಕಳು. ಅಂದು ಸಂಜೆ ಬರೆಯುತ್ತೇನೆ ಎಂದು ಆಣೆ ಮಾಡಿಕೊಂಡಳು. ಸಂಜೆ ದೀಪ ಹಚ್ಚುವಾಗ ಇನ್ನೊಂದು ಯೋಚನೆ ಬಂದಿತು: ಲಕೋಟೆ ಇಲ್ಲ. ಮನೆಯಲ್ಲಿ ಇದ್ದದ್ದು ಹೀರಾಬಾಯಿಯೇ ಕೊಟ್ಟ ಒಂದು ಪೋಸ್ಟ್ ಕಾರ್ಡು, "ಅಲ್ಲಿಂದ ಏನರ ಕೇಳಿದರ ಬೇಕಾಗತೈತಿ ಇಟಗೋರಿ" ಎಂದು. ಕಾರ್ಡೆಂದರೆ ಬಾಯಿ ತೆರೆದ ಕಾಗದ. ಟಪ್ಪಾಲಿನವನು ಓದುತ್ತಾನೆ, ಸ್ಟೇಷನ್ನಿನವರು ಓದುತ್ತಾರೆ, ಓದಿ ಊರಿಗೆ ಹೇಳುತ್ತಾರೆ. ಲಕೋಟೆ ತರಿಸಿ ಬರೆಯುತ್ತೇನೆ. ಲಕೋಟೆಗೆ ಯಾರಿಗೂ ಹೇಳಲಿಲ್ಲ.

ಚೈತ್ರದಲ್ಲೊಮ್ಮೆ, ವೈಶಾಖದಲ್ಲೊಮ್ಮೆ ಕಾಡಪ್ಪ ಮಿರಜಿಗೆ ಹೋಗಿ ಬಂದ. ಎರಡನೆಯ ಸಲ ಬಂದವನು ರುಮಾಲು ತೆಗೆದು ಕಟ್ಟೆಗೆ ಒಗೆದು ಚಾವಡಿಯ ಮುಂದೆ ಕೂತ. "ನಿಮ್ಮ ಕಡಿಂದನ ಜವಾಬ ಬರಬೇಕ ಅಂತಾರ. ಎಂಥಾ ಜವಾಬ? ನಾವೇನ ಕೊಡಬೇಕಾಗಿತ್ತ, ಕೊಟ್ಟೇವಿ. ಕನ್ನಡ ಮಂದಿ ಅಂದ್ರ ಅವರಿಗೆ ಕಣ್ಣಿಗೇ ಕಾಣೂದಿಲ್ಲ." ಆಮೇಲೆ ಬಾಳವ್ವನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ಯಾವದರ ಕಾಗದ ಬಂದಿತ್ತೇನ್ ತಂಗೀ ನಿನ್ನ ಹೆಸರೀಗೆ?"

ಹೀರಾಬಾಯಿ ನೀರಿನ ಕೊಡ ಹೊತ್ತು ಅಲ್ಲೇ ನಿಂತಿದ್ದಳು. ಬಾಳವ್ವ ಅವಳನ್ನು ನೋಡಿದಳು, ಕಾಡಪ್ಪನನ್ನು ನೋಡಲಿಲ್ಲ.

"ಇಲ್ಲ," ಅಂದಳು.

ಒಂದು ಮಾತು. ಎರಡು ಅಕ್ಷರ. ಹಿಟ್ಟಿನಲ್ಲಿ ಬರೆದಿದ್ದರೆ ಪರಾತ ಅಲ್ಲಾಡಿಸಬಹುದಿತ್ತು. ಅಂದಿನಿಂದ ಊರೆಲ್ಲ ಕಚೇರಿಯನ್ನು ಬೈಯಿತು. ಒಲೆಗೆ ಹೊಗೆಯಾದರೂ ಕಚೇರಿ, ಎಮ್ಮೆ ಹಾಲು ಬತ್ತಿದರೂ ಕಚೇರಿ. ಬಾಳವ್ವನೂ ಬೈದಳು. ಉಳಿದವರಿಗಿಂತ ಒಂದು ಮಾತು ಹೆಚ್ಚೇ ಬೈದಳು. ಜಾಗ ಕೊಟ್ಟವಳು, ಅವಳ ಹೊಟ್ಟೆಯುರಿ ಹೆಚ್ಚಿನದು ಎಂದು ಜನ ಮರುಗಿದರು. ಸುಣ್ಣದ ಗೆರೆಯೊಳಗೆ ಮಕ್ಕಳು ಕುಂಟಾಟ ಆಡಿದವು. ಕಲ್ಲಿನ ಮೇಲೆ ಹೆಂಗಸರು ಸಗಣಿಯ ಕುಳ್ಳು ತಟ್ಟಿದರು. ಆಷಾಢದ ಮೊದಲ ಮಳೆಗೆ ಗೆರೆ ತೊಳೆದುಹೋಯಿತು.

ಆಷಾಢದ ಆ ದಿನ ಬೆಳಗಿನಿಂದಲೇ ಹೀರಾಬಾಯಿಗೆ ಬೇನೆ. ಊರ ಸೂಲಗಿತ್ತಿ ಮಧ್ಯಾಹ್ನಕ್ಕೆ ಕೈ ಹೊರಗೆ ತೆಗೆದು, "ಕೂಸಿನ ಕಾಲ ಮುಂದ ಆಗ್ಯಾವ, ನನ್ನ ಕಡಿಂದ ಆಗೂದಿಲ್ಲ, ಮಿರಜಿಗೆ ಒಯ್ಯಿರಿ," ಅಂದಳು. ಬೆಳಗಿನ ರೈಲು ಹೋಗಿಯಾಗಿತ್ತು, ಸಂಜೆಯದಕ್ಕೆ ಮೂರು ತಾಸು. ಹೀರಾಬಾಯಿಯ ಗಂಡ ಪಾರಿಸ ಕಾಯುವುದು ಬೇಡವೆಂದು ಗಾಡಿ ಕಟ್ಟಿದ. ಸಖುಬಾಯಿ ಚಳಿಜ್ವರದಲ್ಲಿ ಮಲಗಿದ್ದಳು. ಅವಳ ಬದಲಿಗೆ ಬಾಳವ್ವ ಗಾಡಿ ಹತ್ತಿದಳು. ಹತ್ತುವಾಗ ಏನು ಕೈಗೆ ಸಿಕ್ಕಿತೋ ಅದನ್ನು ತೆಗೆದುಕೊಂಡಿದ್ದಳು. ಹಾಸಲು ಕೌದಿ, ತಲೆಗೆ ದಿಂಬು. ಗಾಡಿ ಊರು ದಾಟಿದ ಮೇಲೆಯೇ ಅವಳಿಗೆ ಅದು ಯಾವ ದಿಂಬು ಎಂದು ಹೊಳೆದದ್ದು.

ಕರಿಮಣ್ಣಿನ ದಾರಿ. ಗಾಲಿ ಅಚ್ಚಿನವರೆಗೆ ಹೂತಾಗ ಪಾರಿಸ ಇಳಿದು ಹೆಗಲು ಕೊಡುತ್ತಿದ್ದ. ಹಾಗೆ ಒಮ್ಮೆ ಹೂತು ನಿಂತಾಗಲೇ ಸಂಜೆಯ ರೈಲು ಪಕ್ಕದ ಹಳಿಯ ಮೇಲೆ ಹೋಯಿತು. ಆ ಸಣ್ಣ ರೈಲು ಎಂದೂ ಅಷ್ಟು ಬೇಗ ಹೋದದ್ದನ್ನು ಅವಳು ಕಂಡಿರಲಿಲ್ಲ. ಕಿಟಕಿಯಲ್ಲಿ ಒಬ್ಬ ಮುದುಕ ಶೇಂಗಾ ತಿನ್ನುತ್ತ ಇವರನ್ನು ನೋಡಿದ. ಹೀರಾಬಾಯಿ ತಲೆಯನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೊರಳಿಸುತ್ತಿದ್ದಳು. ಹೊರಳಿಸಿದಾಗೊಮ್ಮೆ ದಿಂಬಿನೊಳಗೆ ಸಪ್ಪಳ.

"ಮಾವಶಿ, ಇದರಾಗ ಏನೋ ಕರಕರ ಅಂತೈತಿ."

"ಹತ್ತಿಕಾಳ ಇದ್ದೀತ ಮಗಳ."

"ಹತ್ತಿಕಾಳ ಕರಕರ ಅನ್ನೂದಿಲ್ಲ. ಕಾಗದ ಇದ್ದಂಗ ಐತಿ." ಬೇನೆಯ ನಡುವೆಯೂ ತಿದ್ದುವ ಅಭ್ಯಾಸ ಬಿಟ್ಟಿರಲಿಲ್ಲ. ಬಾಳವ್ವ ಅವಳ ತಲೆಯನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ತೊಡೆ ಗಾಡಿಯ ಕುಲುಕಾಟಕ್ಕೆ ಸರಿಯಾಗಲಿಲ್ಲ, ಮತ್ತೆ ದಿಂಬು ಬೇಕಾಯಿತು. ಮಿರಜಿಗೆ ಹತ್ತಿರದ ಮಾಲಗಾಂವಕ್ಕಿಂತ ಈಚೆಗೆ ಒಂದು ಹುಣಸೆಮರದ ಕೆಳಗೆ ಕೂಸು ಬಂದಿತು. ಹೆಣ್ಣು. ಅತ್ತಿತು. ಆಮೇಲೆ ರಕ್ತ ನಿಲ್ಲಲಿಲ್ಲ. ಬಾಳವ್ವ ಕೌದಿ ಒತ್ತಿದಳು, ತನ್ನ ಸೀರೆಯ ಸೆರಗು ಒತ್ತಿದಳು. ಆಚೆ ಮಿರಜಿನ ದರ್ಗಾದ ಗುಮ್ಮಟ ಮೋಡದ ಕೆಳಗೆ ಬೂದಿಬಣ್ಣಕ್ಕೆ ಕಾಣುತ್ತಿತ್ತು, ಕೈಚಾಚಿದರೆ ಸಿಗುವಷ್ಟು. ಎತ್ತುಗಳಿಗೆ ಅದು ಕಾಣುತ್ತಿರಲಿಲ್ಲವೆಂದು ತೋರುತ್ತದೆ. ಪಾರಿಸ ಬಾರುಕೋಲು ಬೀಸುತ್ತಲೇ ಇದ್ದ, ಹಿಂದೆ ತಿರುಗಿ ನೋಡದೆ. ಇನ್ನು ಬೀಸುವುದು ಬೇಡ ಎಂದು ಹೇಳಬೇಕಾದವಳು ಬಾಳವ್ವನೇ.

ಮರುದಿನ ಗಾಡಿ ಓಣಿಗೆ ತಿರುಗಿದಾಗ ಸಖುಬಾಯಿ ಕಂಬಳಿ ಹೊದ್ದುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಗಾಡಿಯ ಒಳಗೆ ನೋಡಲಿಲ್ಲ. ಬಾಳವ್ವನ ಮುಖವನ್ನೇ ನೋಡಿ, "ಹೋತೇನ?" ಅಂದಳು. "ಹೋತು," ಅಂದಳು ಬಾಳವ್ವ.

"ಬಾಳವ್ವಾ, ಇದ್ದಿಯೇನ?"

ಬಾಳವ್ವ ಮೊರದಿಂದ ತಲೆ ಎತ್ತಿದಳು; ಬಾಗಿಲಲ್ಲಿ ಸಖುಬಾಯಿಯೇ. ಐದು ತಿಂಗಳ ಕೂಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದು ಕಂಬಕ್ಕೆ ಆತು ಕೂತಳು. ಸುನಂದಾ ರೊಟ್ಟಿ ಬಿಟ್ಟು ಎದ್ದು ಬಂದು ಕೂಸಿನ ಗಲ್ಲ ಮುಟ್ಟಿ, "ಅಜ್ಜಿ ಮೂಗ ಇದಕ್ಕ ಬಂದೈತ್ರಿ, ಪಾಪ," ಅಂದಳು.

"ಬರಲಿ ಬಿಡು, ನಿನ್ನ ಅತ್ತಿ ಮೂಗಿನಕಿಂತ ಚಲೋ ಐತಿ," ಎಂದಳು ಸಖುಬಾಯಿ. ಆಮೇಲೆ ಮೊರ ನೋಡಿದಳು. "ಇಷ್ಟ ಸಾಕ ನನಗ. ಎಲ್ಲಾ ಯಾಕ ಬಿಚ್ಚಾಕ ಹತ್ತೀದಿ?" ಬಾಗಿ, ದಿಂಬಿನಲ್ಲಿ ಉಳಿದ ಹತ್ತಿಯನ್ನು ಅಂಗೈಯಿಂದ ಒತ್ತಿದಳು. ಒತ್ತಿದಲ್ಲಿ ಕರಕರ ಎಂದಿತು. "ಇದೇನಿದು?"

ಹತ್ತಿಕಾಳು ಎಂಬ ಮಾತು ಬಾಳವ್ವನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟೇ ಸುಲಭವಾಗಿ, ಅಂದು ಗಾಡಿಯಲ್ಲಿ ಬಂದ ಹಾಗೆಯೇ. ಕೂಸು ಮೊರದ ಕಡೆಗೆ ಕೈಚಾಚಿ ಒಂದು ಹಿಡಿ ಹತ್ತಿ ಎಳೆದುಕೊಂಡು ಬಾಯಿಗೆ ಒಯ್ಯಿತು. ಬಾಳವ್ವ ಕೂಸಿನ ಮುಷ್ಟಿ ಬಿಡಿಸಿ ಹತ್ತಿ ತೆಗೆದಳು. ಆ ಕೈಯನ್ನೇ ದಿಂಬಿನ ಆಳಕ್ಕೆ, ಎಡಮೂಲೆಗೆ ಹಾಕಿದಳು. ಲಕೋಟೆ ಮೆತ್ತಗಾಗಿತ್ತು. ಅಂಚಿನಲ್ಲಿ ಒಂದು ಕಂದು ಕಲೆ, ಅದು ಎಣ್ಣೆಯದೋ ಬೇರೆಯದೋ ಅವಳು ನೋಡಲಿಲ್ಲ.

"ಕಚೇರಿ ಕಾಗದ," ಅಂದಳು. "ಓದತೇನಿ, ಕೇಳು."

ಮರಾಠಿಯಲ್ಲಿ ಓದಿ ಒಂದೊಂದು ಸಾಲಿಗೂ ಕನ್ನಡ ಹೇಳಿದಳು. ಸದರಿ ಆನೆ ಯಾರದು. ಸರಕಾರಿಯೋ ಖಾಸಗಿಯೋ. ಮೇವು ಯಾರು ಹಾಕುತ್ತಾರೆ, ಮಾವುತ ಯಾರು. ಸಖುಬಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ನಗೆ ಬಂದಿತು. ನಿಜವಾದ ನಗೆ, ಹೊಟ್ಟೆಯಿಂದ. ಸೊಸೆ ಸತ್ತ ಮೇಲೆ ಅವಳು ಹಾಗೆ ನಕ್ಕಿರಲಿಲ್ಲ. "ಆನಿ! ಅಯ್ಯ ಶಿವನ, ನಮ್ಮ ಬಾಳವ್ವ ಆನಿ ಸಾಕ್ಯಾಳ! ಮಾವುತ ಯಾರಬೇ, ಕಾಡಪ್ಪೇನ?" ಸುನಂದಾ ಗೋಡೆ ಹಿಡಿದು ನಕ್ಕಳು. ಇವರ ನಗೆ ನೋಡಿ ಕೂಸೂ ಹಲ್ಲಿಲ್ಲದ ಬಾಯಿ ತೆರೆಯಿತು. ಇದಕ್ಕೇ ಅಂಜಿದ್ದಳೇ ತಾನು?

ಸಖುಬಾಯಿ ಕಣ್ಣು ಒರೆಸಿಕೊಂಡಳು. "ಎಂದ ಬಂದದ್ದು ಇದು?"

"ಮಾಘದಾಗ."

ಸಖುಬಾಯಿ ಹೆಬ್ಬೆರಳನ್ನು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಇಡುತ್ತ ಹೋದಳು. ಮಾಘ, ಫಾಲ್ಗುಣ, ಚೈತ್ರ, ವೈಶಾಖ, ಜ್ಯೇಷ್ಠ. ಆಷಾಢದ ಗೆಣ್ಣಿಗೆ ಬಂದು ಹೆಬ್ಬೆರಳು ನಿಂತಿತು. ಸುನಂದಾಳ ನಗು ನಡುವೆಯೇ ತುಂಡಾಯಿತು. ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂದರೂ ಅವಳು ಕದಲಲಿಲ್ಲ. ಬೈಯಲಿ ಎಂದು ಬಾಳವ್ವ ಕಾದಳು. ಕೂದಲು ಹಿಡಿದು ಎಳೆಯಲಿ, ಅಂಗಳದಲ್ಲಿ ನಿಂತು ಕೂಗಲಿ, ಕಾಡಪ್ಪನನ್ನು ಕರೆಯಲಿ. ಕಟ್ಟಿದ್ದರೂ ಆಷಾಢಕ್ಕೆ ಮುಗಿಯುತ್ತಿತ್ತೇ, ಗೋಡೆಯೇಳುವುದಕ್ಕೆ ಐದು ತಿಂಗಳು ಸಾಕೇ, ನರ್ಸಬಾಯಿ ಬರುತ್ತಿದ್ದಳೇ ಎಂದು ತಾನು ಹತ್ತು ತಿಂಗಳು ಹಾಕಿಕೊಂಡ ಲೆಕ್ಕವನ್ನೆಲ್ಲ ಹೇಳಿಬಿಡಬೇಕೆನಿಸಿತು. ಹೇಳಲಿಲ್ಲ. ಆ ಲೆಕ್ಕ ಸರಿಯಾಗಿರಬಹುದು, ಅದಕ್ಕೇ ಹೇಳಬಾರದು ಎಂದು ಮೊದಲ ಸಲ ಅನಿಸಿತು.

"ಹೀರೀಗೆ ಗೊತ್ತಿತ್ತೇನ?" ಸಖುಬಾಯಿ ಕೇಳಿದಳು.

"ಇಲ್ಲ. ಅಕಿ ತಲಿ ಕೆಳಗ ಇತ್ತು."

ಸಖುಬಾಯಿ ಕೂಸನ್ನು ಸರಿಮಾಡಿ ತೊಡೆಯ ಮೇಲೆ ಮಲಗಿಸಿಕೊಂಡಳು. "ಬರಿ," ಅಂದಳು. "ಈಗ ಬರಿ. ನಾ ಕುಂತಿರತೇನಿ."

"ಲಕೋಟಿ ಇಲ್ಲ. ಕಾರ್ಡ ಒಂದ ಐತಿ, ಹೀರಿ ಕೊಟ್ಟದ್ದು."

"ಅದರಾಗ ಬರಿ."

ದೇವರ ಜಗುಲಿಯ ಹಿಂದಿನಿಂದ ಕಾರ್ಡು ತೆಗೆದಳು. ದೌತಿಯಲ್ಲಿ ಶಾಯಿ ಒಣಗಿತ್ತು, ಸುನಂದಾ ನೀರು ತಂದು ಹಾಕಿದಳು. ನಾಲ್ಕು ತುಂಡು ಮಾತು ಬರೆಯಲು ಆಡಿನ ಹಾಲು ಕಾಯಿಸುವಷ್ಟು ಹೊತ್ತು ಬೇಕಾಯಿತು. "ಹತ್ತಿ ನಾಹೀ. ಕಾಪೂಸ ಹೋತಾ. ತೋಹೀ ಕಾಢಲಾ. ಜಾಗಾ ಮೋಕಳೀ ಆಹೇ." ಆನೆ ಇಲ್ಲ. ಇದ್ದದ್ದು ಹೊಲದ ಹತ್ತಿ. ಅದನ್ನೂ ತೆಗೆದಾಯಿತು. ಜಾಗ ಖಾಲಿ ಇದೆ. ಕೆಳಗೆ ಹೆಸರು. ಬರೆದ ಮೇಲೆ, ಅಭ್ಯಾಸಬಲದಿಂದ, ತೋರಿಸಲೆಂದು ಕಾರ್ಡನ್ನು ಪಕ್ಕಕ್ಕೆ ಹಿಡಿದಳು. ಪಕ್ಕದಲ್ಲಿ ಕಂಬ ಇತ್ತು.

"ಟಪ್ಪಾಲಿನವ ಬರೂದು ಗುರುವಾರಲ್ಲೇನ್ರಿ," ಎಂದಳು ಸುನಂದಾ ಮೆಲ್ಲಗೆ.

"ಗುರುವಾರದ ತನಕ ಬ್ಯಾಡ," ಎಂದು ಸಖುಬಾಯಿ ಎದ್ದಳು.

ಸಲಗರೆ ಸ್ಟೇಷನ್ನು ಅರ್ಧ ಹರದಾರಿ. ಸಖುಬಾಯಿ ಕೂಸನ್ನು ಹೊತ್ತು ಮುಂದೆ, ಬಾಳವ್ವ ನಾಲ್ಕು ಹೆಜ್ಜೆ ಹಿಂದೆ. ದಾರಿಯಲ್ಲಿ ತುಂಡು ಹೊಲ ಬಂದಿತು. ಕಲ್ಲಿನ ಒಟ್ಟಿನ ಮೇಲೆ ಕುಳ್ಳು ಒಣಗಿದ್ದವು, ನಡುವೆ ಎಕ್ಕೆಗಿಡ ಆಳೆತ್ತರ ಬೆಳೆದಿತ್ತು. ಬಾಣಂತಿಯರ ಕೋಣೆ ಎಲ್ಲಿತ್ತು ಎಂದು ಅವಳ ಕಾಲಿಗೆ ನೆನಪಿತ್ತು. ಸಖುಬಾಯಿ ಆ ಕಡೆ ತಿರುಗಲೂ ಇಲ್ಲ, ನಿಲ್ಲಲೂ ಇಲ್ಲ. ಎಂದಿನ ಹಾಗೆ ಜೋಡಿಯಾಗಿ ನಡೆದಿದ್ದರೆ ಈ ದಾರಿಗೆ ಇಬ್ಬರೂ ಎಷ್ಟು ಮಾತಾಡುತ್ತಿದ್ದರು. ಇನ್ನು ಮುಂದೆ ಹೀಗೆಯೇ, ನಾಲ್ಕು ಹೆಜ್ಜೆ. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಸ್ಟೇಷನ್ನಿನ ಬಾಬು ಟಪ್ಪಾಲಿನ ಚೀಲದ ಬಾಯಿ ಕಟ್ಟುತ್ತಿದ್ದ. ಸಂಜೆಯ ಗಾಡಿಯ ಹೊಗೆ ಜೋಳದ ಹೊಲಗಳ ಆಚೆ ಕಾಣುತ್ತಿತ್ತು. ಕಾರ್ಡು ತೆಗೆದುಕೊಂಡು ವಿಳಾಸ ನೋಡಿ, "ಸಂಸ್ಥಾನದ ಕಚೇರಿಗೇನ್ರಿ ಅವ್ವಾ? ಸಂಸ್ಥಾನನ ಮುಳಗಾಕ ಹತ್ತೈತಿ ಅಂತಾರ. ಇನ್ನೆರಡ ತಿಂಗಳಿಗೆ ಎಲ್ಲಾ ಮುಂಬಯಿ ಸರಕಾರ. ಈಗ ಅಲ್ಲಿ ಕಾಗದ ಓದಾವ್ರ ಯಾರದಾರ?" ಎಂದ. ಎನ್ನುತ್ತಲೇ ಕಾರ್ಡು ತಿರುಗಿಸಿದ. ಅವಳು ತಡೆಯಲಿಲ್ಲ. ಅವನ ಹುಬ್ಬು ಮೇಲೆ ಹೋದವು, ತುಟಿ ಅದುರಿತು. "ಹತ್ತಿ ನಾಹೀ!" ಗಟ್ಟಿಯಾಗಿ ಓದಿಯೇಬಿಟ್ಟ. ಗಾಡಿಗೆ ಕಾಯುತ್ತಿದ್ದ ನಾಲ್ಕಾರು ಜನ ತಿರುಗಿ ನೋಡಿದರು. "ಇದೇನವ್ವಾ, ಆನಿ ಇಲ್ಲ ಅಂತ ಕಚೇರಿಗೆ ಬರದೀರಿ?"

"ಹೌದ್ರಿ," ಅಂದಳು ಬಾಳವ್ವ. ಎಲ್ಲರಿಗೂ ಕೇಳುವ ಹಾಗೆ. "ಆನಿ ಇಲ್ಲ. ಎಂದೂ ಇರಲಿಲ್ಲ. ನಾನ ತಪ್ಪ ಬರದಿದ್ನಿ."

ಯಾರೋ ನಕ್ಕರು. ಬಾಬು ನಗುತ್ತಲೇ ಚೀಲದ ಗಂಟು ಮತ್ತೆ ಬಿಚ್ಚಿ, ಕಾರ್ಡನ್ನು ಒಳಗೆ ಹಾಕಿ, ಕಟ್ಟಿದ. ಗಾಡಿ ಬಂದು ನಿಂತಿತು. ಗಾರ್ಡ ಕೈಚಾಚಿ ಚೀಲ ಎಳೆದುಕೊಂಡ. ಸೀಟಿ ಆಯಿತು. ಡಬ್ಬಿಗಳು ಒಂದನ್ನೊಂದು ಎಳೆಯುತ್ತ ಮಿರಜಿನ ಕಡೆಗೆ ಹೊರಟವು. ಬಾಳವ್ವ ಕೊನೆಯ ಡಬ್ಬಿ ತಿರುವಿನಲ್ಲಿ ಮರೆಯಾಗುವ ತನಕ ಅಲ್ಲಿಯೇ ನಿಂತಳು.

ಸಖುಬಾಯಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬೇವಿನ ಮರದ ಕೆಳಗೆ ನಿಂತಿದ್ದಳು. ಹಳಿಯ ಕಡೆ ನೋಡಲಿಲ್ಲ, ಬಾಳವ್ವನ ಮುಖವನ್ನೇ ನೋಡಿದಳು.

"ಹೋತೇನ?"

"ಹೋತು."